ಮೊಮ್ಮಗಳ ಗಾದಿಗೆ ಹಿತ್ತಲ ಹತ್ತಿ

ನಾನು ಹತ್ತಿ ಬೆಳೆಯುತ್ತೇನೆಂದು ಪ್ರತಿಜ್ಞೆ ಮಾಡಿದ್ದು ಹೋಳಿಗೆ ತಿನ್ನುತ್ತಾ ಕುಳಿತಾಗ. ಹೊಟ್ಟೆ ತುಂಬಿದ ಮನುಷ್ಯ ಹತ್ತು ಜನರ ಮುಂದೆ ಪ್ರತಿಜ್ಞೆ ಮಾಡಬಾರದು ಎಂಬ ಕಾನೂನು ಈ ದೇಶದಲ್ಲಿ ಇನ್ನೂ ಬಂದಿಲ್ಲ. ಬಂದಿದ್ದರೆ ಇದನ್ನೆಲ್ಲ ನಿಮ್ಮ ಮುಂದೆ ಹೇಳಿಕೊಳ್ಳುವ ಪ್ರಸಂಗ ನನಗೆ ಬರುತ್ತಿರಲಿಲ್ಲ.

ಮೊದಲು ನನ್ನ ಪರಿಚಯ. ನಾನು ಕಳಕಪ್ಪ. ಗಜೇಂದ್ರಗಡದ ಒಂದು ಅಡತಿ ಅಂಗಡಿಯಲ್ಲಿ, ಅಂದರೆ ದಲ್ಲಾಳಿ ಅಂಗಡಿಯಲ್ಲಿ, ಹತ್ತಿ ನೋಡುವ ಕೆಲಸ; ಈ ಪ್ರಸಂಗದ ಹೊತ್ತಿಗೆ ಅದಕ್ಕೆ ಇಪ್ಪತ್ತಾರು ವರ್ಷವಾಗಿತ್ತು. ರೈತರು ಅಂಡಿಗೆಯೆಂಬ ದೊಡ್ಡ ಚೀಲದಲ್ಲಿ ತುಂಬಿ ತಂದ ಹತ್ತಿಯೊಳಗೆ ಕೈ ತೂರಿಸಿ, ಒಂದು ಚಿಟಿಕೆ ಹೊರಗೆಳೆದು, ಎರಡು ಹೆಬ್ಬೆರಳ ನಡುವೆ ಎಳೆ ಹಿಡಿದು ನೋಡಿ, ಇದು ಉತ್ತಮ, ಇದು ಮಧ್ಯಮ, ಇದನ್ನು ವಾಪಸು ಒಯ್ದು ನಿಮ್ಮ ಮನೆಯ ದಿಂಬಿಗೆ ತುಂಬಿಸಿಕೊಳ್ಳಿ ಎಂದು ತೀರ್ಪು ಕೊಡುವ ನ್ಯಾಯಾಧೀಶ ನಾನೇ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಸೂಡಿಯ ಹತ್ತಿಯೋ ಬೆಳವಣಕಿಯ ಹತ್ತಿಯೋ ಹೇಳಬಲ್ಲೆ. ಒಮ್ಮೊಮ್ಮೆ ಸರಿಯಾಗಿಯೂ ಹೇಳಿದ್ದೇನೆ!

ಎರಡು ಸಾವಿರದ ಆರನೇ ಇಸವಿ. ಕಾರಹುಣ್ಣಿಮೆ ಮುಗಿದು ನಾಲ್ಕು ದಿನವಾಗಿತ್ತು. ಬಸುರಿಯಾಗಿದ್ದ ಮಗಳು ಚಿನ್ನುವಿಗೆ ಐದು ತಿಂಗಳ ಕುಬಸ ಮಾಡಿ, ನರಗುಂದದಿಂದ ಬೀಗರನ್ನು ಕರೆಸಿದ್ದೆವು. ಬೀಗ ದುರಗಪ್ಪನವರು ಎರೆಹೊಲದ ಒಕ್ಕಲುತನದವರು. ಹತ್ತಿ ಬೆಳೆಯುವುದರಲ್ಲಿ ಪಳಗಿದ ಕೈ. ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅವರು ಸುಮ್ಮನೆ ಒಂದು ಮಾತು ಬಿಟ್ಟರು.

"ಏನs ಅನ್ರಿ ಬೀಗರ, ನೀವು ಹತ್ತಿ ನೋಡವ್ರು, ನಾವು ಬೆಳಿಯವ್ರು. ನೋಡಾಕೇನ್ರಿ, ಆಕಳಾನೂ ನೋಡತೈತಿ!"

ಇಡೀ ಪಂಕ್ತಿ ನಕ್ಕಿತು. ನನ್ನ ಎಲೆಯ ಮುಂದೆ ನೀರು ಬಡಿಸುತ್ತಿದ್ದವರೂ ನಕ್ಕರು. ನನಗೆ ಸಿಟ್ಟು ಬಂತು. ಬಲಗೈಯಲ್ಲಿ ಹೋಳಿಗೆ ಇದ್ದುದರಿಂದ ಎಡಗೈಯನ್ನೇ ಮೇಲೆತ್ತಿ ಘೋಷಿಸಿದೆ.

"ಕೇಳ್ರಿ ಬೀಗರ! ಹುಟ್ಟೂ ಕೂಸು ಮಲಗೂ ತೊಟ್ಟಲದಾಗ ಗಾದಿ ಇರತೈತಲ್ಲ, ಆ ಗಾದಿಯೊಳಗಿನ ಹತ್ತಿ ನನ್ನ ಹಿತ್ತಲದಾಗ, ನನ್ನ ಕೈಯಾರೆ ಬೆಳದದ್ದು ಇರತೈತಿ. ಇಲ್ಲಂದ್ರ ನನ್ನ ಹೆಸರು ಕಳಕಪ್ಪ ಅಲ್ಲ!"

"ಹಂಗಾದ್ರ ಈಗಿಂದs ಇನ್ನೊಂದು ಹೆಸರು ಹುಡುಕಿ ಇಡ್ರಿ," ಎಂದರು ದುರಗಪ್ಪನವರು. "ಕೂಸಿಗೊಂದು, ನಿಮಗೊಂದು. ಎರಡೂ ಒಂದs ದಿನ ಇಟ್ಟ ಬಿಡೂಣು."

ನನ್ನ ಹೆಂಡತಿ ನೀಲವ್ವ ಹೋಳಿಗೆಯ ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದಳು. ಜಕ್ಕಲಿಯ ರೈತರ ಮಗಳು. ಏಳು ವರ್ಷದವಳಿದ್ದಾಗಿನಿಂದ ಹೊಲದಲ್ಲಿ ಹತ್ತಿ ಬಿಡಿಸಿದವಳು. ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಮುಂದಕ್ಕೆ ಹೋದಳು. ಆ ಹೋಳಿಗೆಯನ್ನು ನಾನು ಮೆಚ್ಚುಗೆ ಎಂದು ತಿಳಿದೆ. ಇಪ್ಪತ್ನಾಲ್ಕು ವರ್ಷ ಸಂಸಾರ ಮಾಡಿದವನು ಅಂಥ ತಪ್ಪು ಮಾಡಬಾರದಿತ್ತು.

ನಮ್ಮ ಹಿತ್ತಲು ದೊಡ್ಡದೇನಲ್ಲ. ಎರಡು ಎತ್ತಿನ ಗಾಡಿ ನಿಲ್ಲಿಸಿದರೆ ತುಂಬಿಬಿಡುತ್ತದೆ. ಅಷ್ಟರಲ್ಲೇ ನೀಲವ್ವ ಬದನೆ, ಮೆಣಸಿನಕಾಯಿ, ಮೂಲಂಗಿ, ರಾಜಗಿರಿ, ಹುಣಚಿಕ್ಕಿ ಸೊಪ್ಪು ಎಲ್ಲ ಬೆಳೆಸಿದ್ದಳು. ಬೀಗರು ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ನಾನು ಗುದ್ದಲಿ ಹೆಗಲಿಗಿಟ್ಟು ಅಲ್ಲಿ ಪ್ರತ್ಯಕ್ಷನಾದೆ.

"ಎಲ್ಲಿಗೆ ಹೊಂಟೀರಿ?" ಎಂದಳು ನೀಲವ್ವ.

"ಬದನೀಗಿಡ ತಗೀತೀನಿ."

"ಕಾಯಿ ಹಿಡದಾವ್ರಿ. ಇನ್ನೊಂದು ತಿಂಗಳು ಎಣ್ಣಿಗಾಯಿ ಆಗತಾವು."

"ಒಬ್ಬ ಮನಿಶ್ಯಾಗ ಎಣ್ಣಿಗಾಯಿ ಮುಖ್ಯನೋ, ಮರ್ಯಾದಿ ಮುಖ್ಯನೋ?"

"ನಿಮಗ ಎಣ್ಣಿಗಾಯಿನs ಮುಖ್ಯ ಅಂತ ತಿಳದಿದ್ದೆ," ಎಂದಳು. "ತಗೀರಿ. ಕರಿಬೇವು ಒಂದು ಮುಟ್ಟಬ್ಯಾಡ್ರಿ."

ಕರಿಬೇವು ಬಿಟ್ಟು ಎಲ್ಲವನ್ನೂ ಕಿತ್ತೆ. ಮಧ್ಯಾಹ್ನದ ಹೊತ್ತಿಗೆ ಹಿತ್ತಲು ಬೋಳಾಗಿ, ನನ್ನ ಅಂಗೈಯಲ್ಲಿ ನಾಲ್ಕು ಬೊಕ್ಕೆ ಎದ್ದಿದ್ದವು. ನಾನು ಅವನ್ನು ಅಂಗಡಿಗೆ ಒಯ್ದು ಎಲ್ಲರಿಗೂ ತೋರಿಸಿದೆ.

ಈಗ ಬೀಜ ಬೇಕಲ್ಲ? ನರೇಗಲ್ ಬಸ್ಸು ಹಿಡಿದು ಜಕ್ಕಲಿಗೆ, ನೀಲವ್ವನ ತಮ್ಮ ಹನುಮಪ್ಪನ ಹೊಲಕ್ಕೆ ಹೋದೆ. ಆಗ ಬಿ.ಟಿ. ಹತ್ತಿ ಹೊಸದಾಗಿ ಬಂದ ಕಾಲ. ಕಾಯಿಕೊರಕ ಹುಳ ಅದರ ಕಾಯಿಗೆ ಬಾಯಿ ಹಾಕಿದರೆ ಸಾಯುತ್ತದೆ ಎಂದು ಊರೂರಲ್ಲಿ ಅದರದೇ ಸುದ್ದಿ. ಹನುಮಪ್ಪ ಬದುವಿನ ಮೇಲೆ ಕುಳಿತು ಬೀಜದ ಪೊಟ್ಟಣ ಬಿಚ್ಚುತ್ತಿದ್ದ. ಒಂದೊಂದು ದೊಡ್ಡ ಪೊಟ್ಟಣದ ಜೊತೆಗೂ ಒಂದೊಂದು ಸಣ್ಣ ಪಾಕೀಟು. ದೊಡ್ಡದನ್ನು ಉಡಿಯಲ್ಲಿ ಕಟ್ಟಿಕೊಳ್ಳುವುದು, ಸಣ್ಣದನ್ನು ಬದುವಿನಾಚೆ ಎಸೆಯುವುದು, ಹೀಗೆ ನಡೆದಿತ್ತು.

"ಅದನ್ಯಾಕ ಒಗೀತಿಯೋ?" ಎಂದೆ.

"ಅದು ಎದಕ್ಕೂ ಉಪಯೋಗಿಲ್ಲ ಮಾವಾರ. ಕಂಪನ್ಯಾವ್ರು ಸುಮ್ನ ಇಟ್ಟಿರ್ತಾರ. ಯಾರೂ ಹಾಕಂಗಿಲ್ಲ."

ನನ್ನ ತಲೆಯಲ್ಲಿ ದೀಪ ಹತ್ತಿತು. ಚಹಾಪುಡಿ ಕೊಂಡರೆ ಒಳಗೆ ಚಮಚ ಇಟ್ಟಿರುತ್ತಾರೆ. ಸೋಪು ಕೊಂಡರೆ ಸಾಬೂನು ಪೆಟ್ಟಿಗೆ. ಗಿರಾಕಿಯನ್ನು ಖುಷಿಪಡಿಸಲು ಪುಕ್ಕಟೆ ಕೊಡುವ ವಸ್ತು ಯಾವಾಗಲೂ ಚಲೋ ಇರುತ್ತದೆ. ಇಷ್ಟು ದೊಡ್ಡ ಕಂಪನಿ, ಇಷ್ಟು ಅಂದದ ಸಣ್ಣ ಪಾಕೀಟಿನಲ್ಲಿ, ಬೇರೆ ಕಟ್ಟಿ ಇಟ್ಟಿದೆ ಎಂದರೆ ಇದು ಕಂಪನಿಯ ತಿಜೋರಿಯಲ್ಲಿಡುವ ಬೀಜ. ಓದು ಬರಹ ಕಡಿಮೆಯಾದ ರೈತರಿಗೆ ಇದು ತಿಳಿಯುವುದಾದರೂ ಹೇಗೆ?

"ಮಾವಾರ, ಅದು ಹುಳಕ್ಕ..." ಎಂದು ಹನುಮಪ್ಪ ಏನೋ ಹೇಳಹೋದ.

"ಹನುಮಪ್ಪ, ಇಪ್ಪತ್ತಾರು ವರ್ಷಾತು ನಾ ಹತ್ಯಾಗ ಇದ್ದು," ಎಂದೆ. ಅಕ್ಕನ ಗಂಡನಿಗೆ ಎದುರಾಡುವ ಹುಡುಗನಲ್ಲ ಅವನು. ಬದುವಿನಾಚೆಯಿಂದ ಒಂದು ಸಣ್ಣ ಪಾಕೀಟು ಎತ್ತಿಕೊಂಡೆ. ಅದರೊಳಗೆ ಹನ್ನೊಂದು ಭಾಷೆಗಳಲ್ಲಿ ಇರುವೆ ಗಾತ್ರದ ಅಕ್ಷರಗಳಿದ್ದ ಒಂದು ಕಾಗದವೂ ಇತ್ತು. ಬಸ್ಸಿನ ಕಿಟಕಿಯಿಂದ ಬಿಸಿಲು ಬೀಳುತ್ತಿದ್ದುದರಿಂದ ಅದನ್ನು ಗಾಜಿಗೆ ಅಡ್ಡ ಹಿಡಿದುಕೊಂಡು ಊರಿಗೆ ಬಂದೆ. ಓದಲಿಲ್ಲ.

ಬಿತ್ತನೆ ವೈಭವದಿಂದ ನಡೆಯಿತು! ಅಳತೆಪಟ್ಟಿ ಹಿಡಿದು ಗೆರೆ ಎಳೆದು, ಇಪ್ಪತ್ತೆರಡು ಕುಣಿ ತೆಗೆದು, ಕುಣಿಗೆ ಎರಡರಂತೆ ಬೀಜ ಊರಿದೆ. ಎಂಟನೇ ದಿನಕ್ಕೆ ಕುಣಿಗೊಂದರಂತೆ ಮೊಳಕೆ. ತಿಂಗಳಿಗೆ ಮೊಣಕಾಲೆತ್ತರ. ಆಗಸ್ಟ್ ಮುಗಿಯುವ ಹೊತ್ತಿಗೆ ನನ್ನ ಎದೆಯೆತ್ತರ ಬೆಳೆದು, ಕೆನೆಬಣ್ಣದ ಹೂ ಬಿಟ್ಟವು. ಬೆಳಿಗ್ಗೆ ಕೆನೆಬಣ್ಣ, ಮರುದಿನಕ್ಕೆ ಗುಲಾಬಿ. ಹತ್ತಿಯ ಹೂವು ಬಣ್ಣ ಬದಲಿಸುತ್ತದೆ ಎಂಬುದು ಇಪ್ಪತ್ತಾರು ವರ್ಷ ಹತ್ತಿಯಲ್ಲೇ ಇದ್ದ ನನಗೆ ಗೊತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ ಅಷ್ಟೆ.

ದಿನಾ ಸಂಜೆ ಅಂಗಡಿಯಿಂದ ಯಾರನ್ನಾದರೂ ಕರೆತಂದು ಗಿಡ ತೋರಿಸುವುದು, ನೀಲವ್ವ ಚಹಾ ಮಾಡುವುದು. ಇಪ್ಪತ್ತೆರಡು ಗಿಡಗಳಿಗೆ ಆ ತಿಂಗಳು ಸುರಿದ ನೀರಿಗಿಂತ ಅವುಗಳ ಹೆಸರಿನಲ್ಲಿ ಕುಡಿದ ಚಹಾ ಹೆಚ್ಚಾಗಿರಬೇಕು. ಮಗಳ ಮನೆಗೆ ಫೋನು ಹಚ್ಚಿ, ಚಿನ್ನುವಿನ ಆರೋಗ್ಯ ಕೇಳಿ, ಆಮೇಲೆ ಬೀಗರಿಗೆ ಕೊಡಲು ಹೇಳಿ, "ಕಾಯಿ ಹಿಡದಾವ್ರಿ ಬೀಗರ!" ಎಂದು ಕೂಗಿ ಇಟ್ಟುಬಿಡುತ್ತಿದ್ದೆ.

ಮೊದಲ ಹುಳ ಕಂಡದ್ದು ಗಣೇಶನ ಹಬ್ಬವಾಗಿ ಎರಡು ವಾರಕ್ಕೆ. ಹಸಿರು ಮೈ, ಗುಂಡು ತಲೆ. ಒಂದು ಕಾಯಿಯೊಳಗೆ ಅರ್ಧ ಮೈ ತೂರಿಸಿ ಊಟ ಮಾಡುತ್ತಿತ್ತು. ಒಂದೇ ಹುಳ ಎಂದು ಬಿಟ್ಟೆ. ವಾರ ಕಳೆಯುವುದರೊಳಗೆ ಅದು ತನ್ನ ಬಂಧು ಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿತ್ತು. ಎಲೆ ತಿರುವಿದರೆ ಹುಳ, ಕಾಯಿ ಸೀಳಿದರೆ ಹುಳ.

"ಅಂಗಡ್ಯಾಗ ಹುಳಕ ಹತ್ತಿ ಬಂದ್ರ ಏನ ಮಾಡ್ತೀರಿ?" ಎಂದು ನೀಲವ್ವ ಅಕ್ಕಿ ಆರಿಸುತ್ತಾ ಕೇಳಿದಳು.

"ತಿರುಗಿಸಿ ಕಳಸ್ತೀವಿ."

"ಹಂಗಾದ್ರ ಇವನ್ನೂ ತಿರುಗಿಸಿ ಕಳಸ್ರಿ."

ನಾನು ಸೋಲುವ ಪೈಕಿ ಅಲ್ಲ. ರೇಡಿಯೋದಲ್ಲಿ ಒಬ್ಬರು ಮೆಣಸಿನಕಾಯಿ ಬೆಳ್ಳುಳ್ಳಿ ಕಷಾಯದ ವಿಧಾನ ಹೇಳಿದರು. ಅವರು ಹೇಳಿದ್ದು ಒಂದು ಎಕರೆಗೆ. ನನ್ನವು ಇಪ್ಪತ್ತೆರಡೇ ಗಿಡ. ಆದರೂ ಅಳತೆಯಲ್ಲಿ ಕಂಜೂಸಿ ಬೇಡವೆಂದು ಒಂದು ಎಕರೆಯ ಮೆಣಸಿನಕಾಯಿಯನ್ನೇ ರುಬ್ಬಿದೆ. ನೀಲವ್ವ ಸಂತೆಗೆ ಹೋಗಿದ್ದಳು. ಕುದಿಸಲು ದೊಡ್ಡ ಪಾತ್ರೆ ಬೇಕಿತ್ತು. ಬಚ್ಚಲಲ್ಲಿ ನೀರು ಕಾಯಿಸುವ ಹಂಡೆ ಇತ್ತು.

ಕುದಿ ಬಂದಾಗ ಎದ್ದ ಘಾಟು ಇದೆಯಲ್ಲ, ಅದನ್ನು ಬರೆದು ತಿಳಿಸಲು ಸಾಧ್ಯವಿಲ್ಲ. ಮೊದಲು ನಾನು ಕೆಮ್ಮಿದೆ. ಆಮೇಲೆ ಬೀದಿಯ ನಾಯಿ ಸೀನಿತು. ಆಮೇಲೆ ಮಗ್ಗುಲ ಮನೆಯ ಬೀಬಿಜಾನ ಸೆರಗನ್ನು ಮೂಗಿಗೆ ಒತ್ತಿಕೊಂಡು ಗೋಡೆಯಾಚೆ ಕಾಣಿಸಿಕೊಂಡಳು.

"ಏನ ಮಾಡಾಕತ್ತೀರಿ ಕಳಕಪ್ಪಣ್ಣಾ? ನಮ್ಮ ಮನ್ಯಾಗ ಕೆಮ್ಮಿ ಕೆಮ್ಮಿ ಗಡಿಯಾರನೂ ನಿಂತೈತಿ!"

"ಔಷಧ ಮಾಡಾಕತ್ತೀನ್ರಿ!"

"ಯಾರಿಗ್ರಿ? ಓಣಿ ಮಂದಿಗೆಲ್ಲಾ ಏನು?"

ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ. ಹೋಳಿಹುಣ್ಣಿಮೆಯ ಹಳೆಯ ಪಿಚಕಾರಿ ಹುಡುಕಿ, ಕಷಾಯ ತುಂಬಿ, ಗಿಡಗಳಿಗೆ ಹೊಡೆದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಅರ್ಧ ಗಿಡಗಳಿಗೆ, ಅರ್ಧ ನನಗೆ. ಕಣ್ಣು ಬಿಡಲಾರದೆ ಅರ್ಧ ಗಂಟೆ ಕರಿಬೇವಿನ ಗಿಡ ಹಿಡಿದು ನಿಂತಿದ್ದೆ. ಸಂಜೆ ಹೋಗಿ ನೋಡಿದರೆ ಹುಳಗಳು ಇನ್ನೂ ಜೋರಾಗಿ ತಿನ್ನುತ್ತಿದ್ದವು. ಖಾರ ಬಿದ್ದ ಮೇಲೆ ಊಟ ರುಚಿಸಿರಬೇಕು.

ಪ್ರಕರಣ ಅಲ್ಲಿಗೆ ಮುಗಿಯಲಿಲ್ಲ. ಹಂಡೆಯನ್ನು ನಾನು ತೊಳೆದಿದ್ದೆ. ನೀಲವ್ವನ ಪ್ರಕಾರ ಅದು ತೊಳೆದದ್ದಲ್ಲ, ನೀರು ತೋರಿಸಿದ್ದು. ಮರುದಿನ ಬೆಳಿಗ್ಗೆ ಆ ಹಂಡೆಯ ಬಿಸಿನೀರನ್ನು ತಲೆಯ ಮೇಲೆ ಸುರಿದುಕೊಂಡ ಮೊದಲ ವ್ಯಕ್ತಿ ನಾನು. ಬಚ್ಚಲಿನಿಂದ ಬೀದಿಯವರೆಗೆ ಅಷ್ಟು ವೇಗವಾಗಿ ನಾನು ಯಾವತ್ತೂ ಓಡಿರಲಿಲ್ಲ. ಟವೆಲು ಇತ್ತು, ಅದೊಂದು ಪುಣ್ಯ.

"ಹುಳಕ್ಕ ಹತ್ತಲಿಲ್ಲ, ನಿಮಗ ಹತ್ತಿತು ನೋಡ್ರಿ," ಎಂದಳು ನೀಲವ್ವ, ತಣ್ಣೀರಿನ ಕೊಡ ಮುಂದಿಡುತ್ತಾ.

ಮುಂದಿನ ಭಾನುವಾರ ಮತ್ತೆ ಜಕ್ಕಲಿ. ಹನುಮಪ್ಪನ ಹೊಲದಲ್ಲಿ ಗಿಡಗಳು ಸ್ವಚ್ಛವಾಗಿ ನಿಂತಿದ್ದವು. ಕಾಯಿ ಕಾಯಿಯೂ ತುಂಬಿಕೊಂಡಿತ್ತು. ನಾನು ಜೇಬಿನಿಂದ ತೂತುಬಿದ್ದ ಒಂದು ಕಾಯಿ ತೆಗೆದು ತೋರಿಸಿದೆ.

"ಯಾವ ಬೀಜ ಹಾಕಿದ್ರಿ ಮಾವಾರ?"

"ಅವತ್ತ ನೀ ಒಗದಿದ್ದಿಯಲ್ಲ, ಆ ಸಣ್ಣ ಪಾಕೀಟು."

ಹನುಮಪ್ಪ ಬಾಯಿಗೆ ಟವೆಲು ಅಡ್ಡ ಇಟ್ಟುಕೊಂಡ. ಅವನ ಹೆಗಲು ಅಲುಗಾಡುತ್ತಿದ್ದವು. "ಮಾವಾರ, ದೊಡ್ಡ ಪೊಟ್ಟಣ ನಮಗ. ಸಣ್ಣ ಪಾಕೀಟಿಂದು ಬಿ.ಟಿ. ಅಲ್ಲ, ಸಾದಾ ಬೀಜ, ಅದು ಹುಳಕ್ಕರಿ! ಹೊಲದ ಸುತ್ತ ಅದನ್ನ ಹಚ್ಚಬೇಕು, ಹುಳ ಬಂದದ್ದು ಅಲ್ಲೇ ಉಂಡು ಬದಕಲಿ ಅಂತ ಕಂಪನ್ಯಾವ್ರು ಇಟ್ಟಿರ್ತಾರ. ಅವತ್ತ ಹೇಳಾಕ ಬಂದೆ. ನೀವು ಇಪ್ಪತ್ತಾರು ವರ್ಷ ಅಂದ್ರಿ."

ಅಂದರೆ, ಎಣ್ಣೆಗಾಯಿಯನ್ನೂ ತ್ಯಾಗ ಮಾಡಿ, ಮೂರು ತಿಂಗಳು ನೀರು ಗೊಬ್ಬರ ಹಾಕಿ, ಗಜೇಂದ್ರಗಡದ ಹುಳಗಳಿಗಾಗಿ ನಾನು ಒಂದು ಖಾನಾವಳಿ ನಡೆಸುತ್ತಿದ್ದೆ. ಅದೂ ಪುಕ್ಕಟೆ! ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕುಳಿತರೂ ಹೊರಗೆ ನೋಡಲಿಲ್ಲ. ಎರಡೂ ಕಡೆ ಹತ್ತಿಯ ಹೊಲಗಳೇ ಇದ್ದವು.

ದಸರೆಗೆ ಚಿನ್ನು ಬಾಣಂತನಕ್ಕೆಂದು ತವರಿಗೆ ಬಂದಳು. ಅಷ್ಟರಲ್ಲಿ ನಾನು ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಹುಳ ಆರಿಸುವ ಹಂತ ತಲುಪಿದ್ದೆ. ಹಿತ್ತಲ ಬಾಗಿಲಲ್ಲಿ ನಿಂತು ಅವಳು ಕೇಳಿದಳು: "ಅಪ್ಪಾ, ಹತ್ತಿ ಬಿಡಸೂದು ಗೊತ್ತೈತಿ. ಹುಳ ಬಿಡಸೂ ಬೆಳಿ ಯಾವುದು ಇದು?"

"ಬೀಗರಿಗೆ ಹೇಳಬ್ಯಾಡವಾ," ಎಂದೆ. ಅಷ್ಟೇ ನನ್ನಿಂದ ಸಾಧ್ಯವಾಯಿತು.

ದೀಪಾವಳಿ ಮುಗಿದ ಮೇಲೆ ಮೊಮ್ಮಗಳು ಹುಟ್ಟಿದಳು. ನೀಲವ್ವ ಅವಳನ್ನು ನನ್ನ ಕೈಗೆ ಕೊಟ್ಟಾಗ ಕಣ್ಣು ತುಂಬಿ ಬಂದವು. ಇಷ್ಟು ಚಿಕ್ಕ ಮುಖ, ಇಷ್ಟು ಚಿಕ್ಕ ಮೂಗು. ಇವಳಿಗೆ ಕೊಟ್ಟ ಮಾತು ತಪ್ಪಬಾರದು ಎಂದು ಮನಸ್ಸು ಗಟ್ಟಿ ಮಾಡಿದೆ. ಡಿಸೆಂಬರ್ ಮೊದಲ ವಾರ ತೊಟ್ಟಿಲಿಗೆ ಹಾಕುವುದೆಂದು ನಿಶ್ಚಯವಾಯಿತು. ನರಗುಂದದಿಂದ ಎಲ್ಲರೂ ಬರುವವರು.

ಹುಳ ತಿಂದು ಬಿಟ್ಟ ಕೆಲವು ಕಾಯಿ ಅರಳಿದವು. ಅಲ್ಲೊಂದು ಇಲ್ಲೊಂದು ಬಿಳಿ. ಬಿಳಿ ಕಂಡದ್ದೇ ತಡ, ಎಲ್ಲಿದ್ದವೋ, ಕೆಂಪು ತಿಗಣೆಗಳ ದಂಡು ಬಂದಿಳಿಯಿತು. ಗಿಡ ಸಾಲದೆ ಗೋಡೆ ಹತ್ತಿದವು, ಗೋಡೆ ಇಳಿದು ಕೂಸಿನ ಬಟ್ಟೆ ಒಣಹಾಕಿದ ಹಗ್ಗದ ಮೇಲೆ ಸಾಲುಗಟ್ಟಿದವು. ನೀಲವ್ವ ಒಂದೊಂದೇ ಬಟ್ಟೆ ಜಾಡಿಸಿ ಒಳಗಿಟ್ಟು, ನನ್ನ ಮುಂದೆ ಬಂದು ನಿಂತಳು.

"ಸಂಜಿ ಒಳಗ ಎಷ್ಟ ಬರತೈತೋ ಅಷ್ಟು ಹತ್ತಿ ಬಿಡಸ್ಕೋರಿ. ನಾಳೆ ಮುಂಜಾನೆ ಗಿಡ ಕೀಳಾಕಿ ನಾನು."

ಬಿಡಿಸಿದೆ. ಇಪ್ಪತ್ತೆರಡು ಗಿಡ, ಐದು ತಿಂಗಳು. ಒಂದು ದಿಂಬಿನ ಚೀಲ ಅರ್ಧಕ್ಕಿಂತ ಕಡಿಮೆ ತುಂಬಿತು. ಅದನ್ನೇ ಬಗಲಲ್ಲಿ ಇಟ್ಟುಕೊಂಡು ಗಾದಿ ಹಾಕುವ ಮುರ್ತುಜಾಸಾಬರ ಅಂಗಡಿಗೆ ಹೋದೆ. ಚೀಲ ಮುಂದಿಟ್ಟು, ತೊಟ್ಟಿಲ ಗಾದಿ ಆಗಬೇಕು ಎಂದೆ.

"ಆತ್ರಿ. ಉಳದ ಹತ್ತಿ ಗಾಡ್ಯಾಗ ಬರಾಕತ್ತೈತೇನು?"

"ಇದs ಎಲ್ಲಾ."

ಮುರ್ತುಜಾಸಾಬರು ಚೀಲಕ್ಕೆ ಕೈ ಹಾಕಿ ಹಿಸುಕಿದರು. ಆಮೇಲೆ ನನ್ನ ಮುಖ ನೋಡಿದರು. ಅವರಿಗೆ ನಗು ಬಂದಿರಲಿಲ್ಲ, ದುಃಖವಾಗಿತ್ತು. "ಕಳಕಪ್ಪಣ್ಣ, ಇದರಾಗ ಕಾಳು ಅದಾವು. ಕಾಳು ತಗದ ಮ್ಯಾಲೆ ಅರಳಿ ಆಗತೈತಿ, ಅರಳಿ ಹಿಂಜಿದ ಮ್ಯಾಲೆ ಗಾದಿ. ನೀವs ಹತ್ತಿ ನೋಡವ್ರು, ನಿಮಗ ನಾ ಹೇಳಬೇಕೇನು?"

ಹೇಳಬೇಕಾಗಿತ್ತು! ನಮ್ಮ ಅಂಗಡಿಗೆ ಹತ್ತಿ ಬರುತ್ತದೆ, ನಾನು ತೀರ್ಪು ಕೊಡುತ್ತೇನೆ, ಲಾರಿ ಏರಿ ಕಾಳು ತೆಗೆಯುವ ಜಿನ್ನಿಗೆ ಹೋಗುತ್ತದೆ. ಆ ಹತ್ತಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಕಾಳೇ ಎಂಬುದು ಬಾಯಿಪಾಠವಿದ್ದರೂ, ನನ್ನ ಹಿತ್ತಲಿನ ಹತ್ತಿಗೂ ಕಾಳಿರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಹತ್ತಿ ನೇರವಾಗಿ ಗಾದಿಯಾಗಿಯೇ ಅರಳುತ್ತದೆ ಎಂದು ತಿಳಿದಿದ್ದೆನೋ ಏನೋ.

ಎರಡು ದಿನ ಮನೆಮಂದಿಯೆಲ್ಲ ಕುಳಿತು ಕೈಯಿಂದ ಕಾಳು ಬಿಡಿಸಿದೆವು. ಕೂಸಿಗೆ ಹಾಲೂಡಿಸುತ್ತಾ ಚಿನ್ನು, ಕೆಮ್ಮಿನ ಸಿಟ್ಟು ಮರೆತು ಬೀಬಿಜಾನ, ಸೊಂಟಕ್ಕೆ ಸೆರಗು ಸಿಗಿಸಿ ನೀಲವ್ವ. ಕೊನೆಗೆ ಒಂದು ಡಬ್ಬಿ ಕಾಳು, ಎರಡು ಬೊಗಸೆ ಅರಳೆ. ಅದನ್ನು ಮತ್ತೆ ಮುರ್ತುಜಾಸಾಬರ ಮುಂದಿಟ್ಟೆ.

"ಇದರಾಗ ಗಾದಿ ಆಗಂಗಿಲ್ರಿ," ಎಂದರು ಅವರು. "ನಿಮ್ಮ ಎರಡೂ ಕಿವಿಗೆ ಇಟ್ಕೋರಿ. ಬೀಗರು ಅನ್ನೂದಾದ್ರೂ ಕೇಳ್ಸಂಗಿಲ್ಲ."

ತೊಟ್ಟಿಲ ದಿನಕ್ಕೆ ನಾಲ್ಕೇ ದಿನ ಉಳಿದಿತ್ತು. ಆಗ ನಾನು ಮಾಡಿದ ಕೆಲಸ ಒಳ್ಳೆಯದಲ್ಲ. ಪರಿಚಯದ ಜಿನ್ನಿನಿಂದ ಅತ್ಯುತ್ತಮ ಅರಳೆ ತರಿಸಿ, ಗಾದಿ ತುಂಬಿಸಿದೆ. ನನ್ನ ಎರಡು ಬೊಗಸೆಯನ್ನು ತಲೆಯ ಕಡೆಗೆ ಹಾಕಿಸಿದೆ.

"ಯಾರಾರ ಕೇಳಿದ್ರ ಪೂರಾ ಮನೀದಂತ ಹೇಳ್ರಿ," ಎಂದೆ.

"ಕೇಳಿದ್ರ ಖರೇನs ಹೇಳ್ತೀನಿ. ಕೇಳಲಿಲ್ಲಂದ್ರ ಸುಮ್ನಿರ್ತೀನಿ. ನಿಮ್ಮ ಸಲುವಾಗಿ ಇಷ್ಟs ನನ್ನ ಕೈಲಿ ಆಗೂದು," ಎಂದರು ಮುರ್ತುಜಾಸಾಬರು. ಹೂಹೂವಿನ ಬಟ್ಟೆಯ ಗಾದಿ ಚಂದ ಆಗಿತ್ತು. ಮನೆಗೆ ತಂದಾಗ ನೀಲವ್ವ ಒಮ್ಮೆ ಒತ್ತಿ ನೋಡಿ, ಗೋಡೆಗೆ ಒರಗಿಸಿಟ್ಟು ಒಳಗೆ ಹೋದಳು.

ಬೀಗರು ಬಂದರು. ಕೈಕಾಲಿಗೆ ನೀರು ಕೊಡುವುದರೊಳಗೆ ದುರಗಪ್ಪನವರು ಕೇಳಿದರು: "ಎಲ್ಲೈತ್ರಿ ಗಾದಿ?"

ತಂದು ಮುಂದಿಟ್ಟೆ. ಅವರು ಒತ್ತಿದರು, ಎತ್ತಿ ತೂಗಿದರು, ಹೊಲಿಗೆಯ ಸಂದಿನಿಂದ ಒಂದು ಚಿಟಿಕೆ ಹೊರಗೆಳೆದು ಬೆರಳ ನಡುವೆ ಹಿಡಿದು ನೋಡಿದರು.

"ಎಷ್ಟ ಗಿಡ ಹಚ್ಚಿದ್ರಿ?"

"ಇಪ್ಪತ್ತೆರಡು."

"ಇಪ್ಪತ್ತೆರಡು ಗಿಡದಾಗ ಇಷ್ಟು! ಅದೂ ಇಂಥಾ ಎಳಿ!" ದುರಗಪ್ಪನವರು ಎದ್ದು ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. "ಸೋತೆ ಬೀಗರ. ಮೂವತ್ತು ವರ್ಷ ಒಕ್ಕಲುತನ ಮಾಡೀನಿ, ಇಂಥಾ ಬೆಳಿ ಕಂಡಿಲ್ಲ. ಅವತ್ತ ಊಟದ ಮುಂದ ನಾ ಹಂಗ ಅನಬಾರದಿತ್ತು."

ಆ ಕ್ಷಣದ ಸುಖ ಹೇಳತೀರದು! ಅದು ಸುಮಾರು ಅರ್ಧ ನಿಮಿಷ ಇತ್ತು.

"ಬೀಜ ಉಳದಾವೇನ್ರಿ?" ಎಂದರು ಅವರು.

"ಒಂದು ಡಬ್ಬಿ ಅದಾವ್ರಿ ಮಾವಾರ," ಎಂದು ಒಳಗಿನಿಂದ ಚಿನ್ನು ಕೂಗಿ, ಬೀಬಿಜಾನಳ ಕೈಯಲ್ಲಿ ಡಬ್ಬಿ ಕಳಿಸಿಯೇ ಬಿಟ್ಟಳು. ದುರಗಪ್ಪನವರು ಅಷ್ಟನ್ನೂ ಟವೆಲಿಗೆ ಸುರಿದು, ದೇವರ ಪ್ರಸಾದ ಕಟ್ಟಿಕೊಂಡಂತೆ ಗಂಟು ಹಾಕಿದರು.

"ಬರೂ ವರ್ಷ ಹಳ್ಳದ ಹೊಲದಾಗ ಇದನ್ನs ಬಿತ್ತತೀನಿ. ಇಷ್ಟರಾಗ ಎಷ್ಟು ಆಗತೈತೋ ಅಷ್ಟು. ಅದರ ಕಾಳು ಕಾದಿಟ್ಟು ಅದರ ಮುಂದಿನ ವರ್ಷ ನಾಕೂ ಎಕರೇಕ!"

ನಾಲ್ಕು ಎಕರೆ ಖಾನಾವಳಿ! ನರಗುಂದ ತಾಲೂಕಿನ ಹುಳಗಳೆಲ್ಲ ಪಂಕ್ತಿ ಹಾಕಿ ಕುಳಿತಂತೆ ಕಣ್ಣಿಗೆ ಕಂಡಿತು. ಆ ಹೊಲದಲ್ಲಿ ಬೆಳೆದದ್ದರಿಂದಲೇ ನನ್ನ ಮಗಳು ರೊಟ್ಟಿ ತಿನ್ನಬೇಕು, ಮೊಮ್ಮಗಳು ಹಾಲು ಕುಡಿಯಬೇಕು. ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತದೆ, ಅವರ ಹೊಲ ಹೋಗುತ್ತದೆ. ನೀಲವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಬೀಗರ, ಆ ಗಂಟು ಬಿಚ್ಚರಿ," ಎಂದೆ.

"ಯಾಕ್ರಿ?"

"ಅದು ಹುಳದ ಊಟಾರಿ. ಪೊಟ್ಟಣದ ಸಂಗಾಟ ಸಣ್ಣ ಪಾಕೀಟು ಬರತೈತಲ್ಲ, ಅದನ್ನ ಬಿತ್ತಿದ್ದೆ. ಗಾದ್ಯಾಗ ಇರೂದು ಜಿನ್ನಿನ ಅರಳಿ. ನನ್ನದು ತಲಿ ಕಡೆ ಎರಡು ಬೊಗಸಿ ಐತಿ, ಅಷ್ಟs."

ದುರಗಪ್ಪನವರು ನಿಧಾನವಾಗಿ ಗಂಟು ಬಿಚ್ಚಿ ಕಾಳನ್ನು ಡಬ್ಬಿಗೆ ಸುರಿದರು. ಅವರ ಮೀಸೆ ಒಂದೆರಡು ಸಲ ಅಲುಗಿತು. ಅತ್ತಿತ್ತ ನೋಡಿ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: "ಯಾರ ಮುಂದೂ ಹೇಳಬ್ಯಾಡ್ರಿ ಬೀಗರ. ಮೊದಲನೇ ವರ್ಷ ಆ ಸಣ್ಣ ಪಾಕೀಟು ನಾನೂ ಬಿತ್ತಿದ್ದೆ. ಒಂದು ಎಕರೆ."

"ಎರಡು ಎಕರೆ!" ಎಂದರು ಬೀಗತಿ, ತೊಟ್ಟಿಲಿಗೆ ಹೂ ಕಟ್ಟುತ್ತಿದ್ದಲ್ಲಿಂದಲೇ.

ಆಮೇಲೆ ನಕ್ಕದ್ದು ನಾವಿಬ್ಬರೂ ಕೂಡಿಯೇ. ನಗು ಮುಗಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ಹತ್ತಿ ಯಾರದೇ ಇರಲಿ, ಗಾದಿಯಂತೂ ನಾನು ಮಾಡಿಸಿದ್ದು ತಾನೆ? ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ತೊಟ್ಟಿಲಲ್ಲಿ ಹಾಸಿದೆ.

"ಅಯ್ಯ! ಅಯ್ಯ! ತಗೀರಿ!" ಎಂದು ಬೀಗತಿಯೂ ನೀಲವ್ವನೂ ಒಟ್ಟಿಗೆ ಕೂಗಿದರು.

"ಈಗೇನಾತು?"

"ಒಂದ ತಿಂಗಳ ಕೂಸಿಗೆ ಹೊಸಾ ಗಾದಿ ಹಾಕ್ತಾರೇನ್ರಿ?" ಎಂದಳು ನೀಲವ್ವ. "ಹೊಸಾ ಅರಿವಿ ಚುಚ್ಚತೈತಿ, ಮೈ ಕೆಂಪಗಾಗತೈತಿ. ಹಸುಗೂಸಿಗೆ ಹಳೇ ಅರಿವೀನs ಹಾಸೂದು. ನಮ್ಮ ಚಿನ್ನು ಆದಾಗ ಏನ ಹಾಸಿದ್ವಿ? ನೀವು ಎಲ್ಲಿದ್ರಿ?"

ಅಂಗಡಿಯಲ್ಲಿದ್ದೆ. ಹತ್ತಿ ನೋಡುತ್ತಿದ್ದೆ.

"ಮತ್ತ ಇದನ್ನ ಐದು ತಿಂಗಳ ಹಿಂದs ಯಾಕ ಹೇಳಲಿಲ್ಲ?" ಎಂದೆ. ನಿಜವಾಗಿಯೂ ನನಗೆ ಅಳು ಬರುವಂತಾಗಿತ್ತು.

ನೀಲವ್ವ ಸೆರಗು ಸರಿಮಾಡಿಕೊಂಡಳು. "ಪಂಕ್ತಿಗೆ ಕುಂತು, ಅಷ್ಟು ಮಂದಿ ಮುಂದ ಕೈ ಎತ್ತಿ ಹೇಳಿದ್ರಿ. ಬೀಗರ ಎದುರಿಗೆ ಗಂಡನ ಮಾತು ನಾನs ತಗದ ಒಗೀಬೇಕಾಗಿತ್ತೇನು?"

ಅವಳು ಒಳಗೆ ಹೋಗಿ ಟ್ರಂಕು ತೆಗೆದ ಸಪ್ಪಳವಾಯಿತು. ತೊಳೆದು ಮಡಿಚಿಟ್ಟ ಒಂದು ಬಿಳಿಯ ಬಟ್ಟೆ ತಂದು, ನಾಲ್ಕು ಮಡಿಕೆ ಮಾಡಿ ತೊಟ್ಟಿಲಲ್ಲಿ ಹಾಸಿ, ಮೊಮ್ಮಗಳನ್ನು ಮಲಗಿಸಿದಳು. ಅಳುತ್ತಿದ್ದ ಕೂಸು ಒಮ್ಮೆ ಮುಖ ಉಜ್ಜಿ, ಕಣ್ಣು ಮುಚ್ಚಿತು. ನಾನು ಬಗ್ಗಿ ಅಂಚನ್ನು ಮುಟ್ಟಿ ನೋಡಿದೆ. ಬೆಣ್ಣೆಯಂಥ ಬಟ್ಟೆ. ಇಷ್ಟು ಮೆತ್ತಗಿನ ಹತ್ತಿಯನ್ನು ನಮ್ಮ ಅಂಗಡಿಗೆ ಯಾವ ರೈತನೂ ತಂದಿರಲಿಲ್ಲ.

"ಭಾರಿ ಉತ್ತಮ ಐತಿ," ಎಂದೆ ಮೆಲ್ಲಗೆ. "ಎಲ್ಲಿದಿದು?"

"ನಿಮ್ಮ ಹಳೇ ಧೋತರ," ಎಂದಳು ನೀಲವ್ವ. "ಹನ್ನೆರಡು ವರ್ಷ ಅಂಗಡ್ಯಾಗ ಕುಂತು ಕುಂತು ಎಷ್ಟ ಮೆತ್ತಗ ಮಾಡೀರಿ ನೋಡ್ರಿ! ಹತ್ತೀದು ಇದೊಂದು ಕೆಲಸ ಮಾತ್ರ ನಿಮಗ ಚಲೋ ಬರತೈತಿ."